ಮೇಲ್ಮನೆಯವರು ಕೆಳಮನೆಗೆ ಬಂದದ್ದು

ಗಿರಿ,

ಫೋನ್ ಮಾಡಿದರೆ ನೀನು ಎತ್ತಲ್ಲ, ವಾಟ್ಸಾಪ್ ಮಾಡಿದರೆ ಹೆಬ್ಬೆಟ್ಟು ತೋರಿಸಿ ಸುಮ್ಮನಾಗ್ತೀಯ. ಅದಕ್ಕೇ ಊರವರ ಮುಂದೆ ಬರೆಯುತ್ತಿದ್ದೇನೆ. ನಾಲ್ಕು ಜನ ನೋಡಿದ್ದಾರಲ್ಲ ಅನ್ನೋ ಮರ್ಯಾದೆಗಾದರೂ ಉತ್ತರ ಬರೀತೀಯ. ಬರೆಯದಿದ್ದರೆ ಕೊಪ್ಪದ ಬಸ್ಸಿನ ಹಲಸಿನಹಣ್ಣಿನ ವಿಷಯ ಮುಂದಿನ ಪತ್ರದಲ್ಲಿ ಬರುತ್ತೆ, ನೆನಪಿರಲಿ.

ದಾವಣಗೆರೆಗೆ ಬಂದು ಮೂರು ತಿಂಗಳಾಯಿತು. ಅತ್ತೆಯ ಮಂಡಿ ಆಪರೇಷನ್ನಿಗೆ ಅಂತ ಲ್ಯಾಪ್‌ಟಾಪ್ ಹೊತ್ತು ಬಂದವನು. ಅತ್ತೆ ಈಗ ಕೋಲು ಬಿಟ್ಟು ವಿದ್ಯಾನಗರದಲ್ಲಿ ದಿನಾ ಎರಡು ಸುತ್ತು ಹಾಕುತ್ತಾರೆ. ನಾನು ಮಾತ್ರ ಇನ್ನೂ ಇಲ್ಲೇ ಇದ್ದೇನೆ. ಹೋದ ತಿಂಗಳು ನೀನು ಕೇಳಿದೆಯಲ್ಲ, ಬೆಣ್ಣೆ ದೋಸೆ ಬಿಟ್ಟು ಬರೋಕೆ ಮನಸ್ಸಿಲ್ವಾ ಅಂತ. ಹೂಂ ಅಂದುಬಿಟ್ಟಿದ್ದೆ. ಪಾಪ, ದೋಸೆಯದೇನೂ ತಪ್ಪಿಲ್ಲ.

ಅತ್ತೆ ಮನೆಯ ಮೇಲೆ ಒಂದು ಬಾಡಿಗೆ ಮನೆ ಇದೆ. ಅಲ್ಲಿರುವವರು ಪಿಯು ಕಾಲೇಜಿನ ಲೆಕ್ಕದ ಮೇಡಂ, ಚಳ್ಳಕೆರೆಯವರು. ಮೊದಲ ದಿನದಿಂದ ನಾನು ಅವರಿಗೆ ಇಟ್ಟ ಹೆಸರು ಮೇಲ್ಮನೆ ಸದಸ್ಯರು. ಮನಸ್ಸಿನಲ್ಲೇ ಇಟ್ಟದ್ದು, ಎದುರಿಗೆ ಹೇಳುವ ಧೈರ್ಯ ಯಾರಿಗಿದೆ? ಜುಲೈ ಮಳೆಗೆ ಅವರ ಅಡುಗೆಮನೆ, ಮಲಗೋ ಕೋಣೆ ಎರಡೂ ಸೋರತೊಡಗಿದವು. "ರಿಪೇರಿ ಆಗೋವರೆಗೆ ಕೆಳಗೇ ಇದ್ದುಬಿಡಮ್ಮ" ಎಂದು ಅತ್ತೆ ಮುಂದಿನ ಕೋಣೆ ಬಿಟ್ಟುಕೊಟ್ಟರು. ಆ ಕೋಣೆ ನನ್ನದಾಗಿತ್ತು. ನನಗೆ ಹಾಲ್‌ನ ದಿವಾನ ಗತಿಯಾಯಿತು. ಹದಿನೈದು ದಿನದ ಮಾತು ಅಂದುಕೊಂಡು ಜಂಟಿ ಅಧಿವೇಶನ ಶುರುವಾಯಿತು. ಅತ್ತೆಯೇ ಸ್ಪೀಕರ್.

ಅವರು ಬೆಳಗ್ಗೆ ಐದಕ್ಕೆ ಎದ್ದು ಹಾಲಿನ ಲೆಕ್ಕ ಬರೆಯುವವರು. ನಾನು ಸಂಬಳ ಬಂತಾ ಅಂತ ಬ್ಯಾಂಕಿನ ಮೆಸೇಜ್ ನೋಡಿ ತಿಳಿದುಕೊಳ್ಳುವವನು. ಇಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಅವರು ಮಳೆ ಅಳೆಯುತ್ತಾರೆ ಕಣೋ.

ನಿಜವಾಗ್ಲೂ. ಕಾಂಪೌಂಡಿನ ಮೂಲೆಯಲ್ಲಿ ಒಂದು ಗಾಜಿನ ಜಾಡಿ ಇಟ್ಟಿದ್ದಾರೆ. ಅಡಿಯಿಂದ ಬಾಯಿವರೆಗೆ ಒಂದೇ ಅಗಲದ್ದು. ಹಾಗಿದ್ದರೆ ಸುಮ್ಮನೆ ಸ್ಕೇಲ್ ಹಿಡಿದು ನೋಡಿದರೆ ಸಾಕು, ಅಷ್ಟೇ ಮಿಲಿಮೀಟರ್ ಮಳೆ. ಹವಾಮಾನ ಇಲಾಖೆಯವರು ಅಳೆಯುವುದು ಬೆಳಗ್ಗೆ 8.30ಕ್ಕೆ, ಹಾಗಾಗಿ ಇವರೂ 8.30ಕ್ಕೇ. ಕ್ಯಾಲೆಂಡರ್ ಪಕ್ಕದ ಮೊಳೆಗೆ ಒಂದು ನೋಟ್‌ಬುಕ್ ನೇತು ಹಾಕಿದ್ದಾರೆ. ದಿನಕ್ಕೊಂದು ಸಾಲು. ಮಳೆ ಬಾರದ ದಿನ ಸೊನ್ನೆ. ಖಾಲಿ ಬಿಡುವಂತಿಲ್ಲ.

ನಾನು ಆಗುಂಬೆ ಕಡೆಯವನು, ವರ್ಷಕ್ಕೆ 7000 ಮಿ.ಮೀ. ದಾಟುವ ಮಳೆಯಲ್ಲಿ ಬೆಳೆದವನು ಅಂತ ಜಂಬ ಕೊಚ್ಚಿದೆ. "ಇದನ್ನೆಲ್ಲ ಯಾರ್ರೀ ಅಳೀತಾರೆ? ನಾವು ಬಟ್ಟೆಗೆ ಬೂಷ್ಟು ಬಂತಾ ಅಂತ ನೋಡ್ತೀವಿ ಅಷ್ಟೆ" ಅಂದೆ. ಅವರು ನಗಲಿಲ್ಲ. "ನಮ್ಮೂರಿಗೆ 500 ಬಂದ್ರೆ ಹಬ್ಬ" ಎಂದರು.

ಇನ್ನೊಂದು ದಿನ ವಾಣಿವಿಲಾಸ ಸಾಗರದ ಮಾತು ಬಂತು. 2022ರ ಸೆಪ್ಟೆಂಬರಿನಲ್ಲಿ ಅದು ಕೋಡಿ ಬಿದ್ದಾಗ ಇವರು ರಜೆ ಹಾಕಿ ಹಿರಿಯೂರಿಗೆ ಹೋಗಿ ನೋಡಿ ಬಂದಿದ್ದರಂತೆ. ಅದರ ಹಿಂದಿನ ಕೋಡಿ 1933ರದ್ದು. ನಡುವೆ 89 ವರ್ಷ. ಅವರ ತಾತ ಹುಡುಗನಾಗಿದ್ದಾಗ ನೋಡಿ, ಅದನ್ನೇ ಹೇಳಿಕೊಂಡು ಬದುಕಿದರು. ಅಪ್ಪ ನೋಡದೆಯೇ ಹೋದರು. ಇದನ್ನೆಲ್ಲ ಕೇಳಿಸಿಕೊಂಡು ನಾನು ಏನಂದೆ ಗೊತ್ತಾ? "ನಮ್ಮನೆ ಹಿಂದಿನ ಹಳ್ಳ ದಿನಾ ಕೋಡಿ ಬೀಳುತ್ತೆ, ಬನ್ನಿ ತೋರಿಸ್ತೀನಿ."

ಎರಡು ದಿನ ಮಾತಿಲ್ಲ. ಆ ಎರಡು ದಿನದಲ್ಲಿ ನನಗೆ ಗೊತ್ತಾದದ್ದು, ಈ ಮನೆಯಲ್ಲಿ ಅವರ ಮಾತಿಗೆ ಕಾಯುತ್ತಾ ಕೂರುವುದೇ ನನ್ನ ಕೆಲಸ ಆಗಿಬಿಟ್ಟಿದೆ ಅಂತ. ನಗಬೇಡ. ಛತ್ರಿ ಪ್ರಕರಣದಲ್ಲಿ ನಾನು ನಕ್ಕಿದ್ದೆನಾ?

ಈಗ ಮೇಸ್ತ್ರಿ ವಿಷಯಕ್ಕೆ ಬರ್ತೀನಿ. ಅವನು ಹರಿಹರದವನು. ಮೊದಲೇ ಹೇಳಿದ್ದ: "ನಾಕು ದಿನ ಬಿಸಿಲು ಬಿದ್ರೆ ಹೇಳಿ ಸಾರ್. ತಾರಸಿ ಒಣಗ್ಬೇಕು, ಹಸಿ ಮೇಲೆ ಏನ್ ಬಳಿದ್ರೂ ನಿಲ್ಲಲ್ಲ." ಅವನನ್ನು ಕರೆಸುವ ಜವಾಬ್ದಾರಿಯನ್ನು ಸ್ಪೀಕರ್ ನನಗೇ ಒಪ್ಪಿಸಿದ್ದರು. ಆಗಸ್ಟಿನಲ್ಲಿ ಮಳೆ ನಿಂತಿತು. ಐದು ದಿನ ಚುರುಚುರು ಬಿಸಿಲು. ಅವನೇ ಫೋನ್ ಮಾಡಿ "ಹೆಂಗೈತೆ ಸಾರ್ ನಿಮ್ಮ ಕಡೆ?" ಅಂದ. ನಾನು ಅಂಗಳದಲ್ಲಿ ನಿಂತಿದ್ದೆ. ಕಾಲ ಕೆಳಗೆ ಸಿಮೆಂಟು ಸುಡುತ್ತಿತ್ತು.

"ಇಲ್ಲಿ ಇನ್ನೂ ಮಳೆ ಕಣಪ್ಪ" ಅಂದೆ.

ರಾತ್ರಿ ಊಟಕ್ಕೆ ಕೂತಾಗ ಅತ್ತೆ, ಮೇಸ್ತ್ರಿ ಏನಂದ ಅಂತ ಕೇಳಿದರು. "ಮಳೆ ಇದೆಯಂತೆ ಅತ್ತೆ, ಬಿಡಲಿ ಅಂತಾನೆ." ಮೇಡಂ ರೊಟ್ಟಿ ಮುರಿಯುತ್ತಿದ್ದ ಕೈ ಒಂದು ಕ್ಷಣ ನಿಂತಿತು. ಆಮೇಲೆ ಶೇಂಗಾ ಚಟ್ನಿ ಈ ಕಡೆ ಕೊಡಿ ಎಂದರು. ಅಷ್ಟೇ.

ನಿನಗೆ ಹೇಳಬೇಕು ಅಂದುಕೊಂಡದ್ದು ಇಲ್ಲಿವರೆಗೆ. ನೀನು ನಕ್ಕು, ನಾನು ಬೈಸಿಕೊಂಡು, ಮುಗಿಯಬೇಕಿತ್ತು. ಆದರೆ ಒಂದು ವಾರದ ಮೇಲೆ ಒಂದು ರಾತ್ರಿ ನಮ್ಮೂರ ಮಳೆ ದಾರಿ ತಪ್ಪಿ ಇಲ್ಲಿಗೆ ಬಂದ ಹಾಗೆ ಸುರಿಯಿತು. ಅಲ್ಲಿವರೆಗೆ ಒಂದು ಹನಿಯೂ ಸೋರದಿದ್ದ ಮೇಲ್ಮನೆಯ ಹಿಂದಿನ ಕೋಣೆ ಅವತ್ತು ಸೋರಿತು. ಅಲ್ಲಿ ಅವಳ ಟ್ರಂಕ್ ಇತ್ತು. ಟ್ರಂಕಿನಲ್ಲಿ ಅವಳ ಅಪ್ಪನ ಮಳೆ ಲೆಕ್ಕದ ಪುಸ್ತಕಗಳು. ಮೇಷ್ಟ್ರಾಗಿದ್ದವರು, ವರ್ಷಕ್ಕೊಂದರಂತೆ ಬರೆದಿಟ್ಟದ್ದು. ಮುಚ್ಚಳದ ತುಕ್ಕು ತೂತಿನಿಂದ ನೀರು ಇಳಿದಿತ್ತು.

ಅವಳು ಅಳಲಿಲ್ಲ. ಒಂದೊಂದೇ ತೆಗೆದು ನೆಲದ ಮೇಲೆ ಸಾಲಾಗಿ ಇಟ್ಟಳು. ಬಿಸಿಲಿಗೆ ಹಾಕೋಣವಾ ಅಂದಳು. ಬೇಡ, ಹಾಳೆ ಹಪ್ಪಳದ ಹಾಗೆ ಸೊಟ್ಟಗಾಗುತ್ತೆ ಅಂದೆ. ಇದೊಂದರಲ್ಲಿ ಮಲೆನಾಡಿನವನಿಗೆ ಯಾರೂ ಪಾಠ ಹೇಳಬೇಕಿಲ್ಲ. ಬೇಸಿಗೆವರೆಗೆ ಒಣಗದ ಪಠ್ಯಪುಸ್ತಕದಲ್ಲೇ ಓದಿ ಪಾಸಾದವರು ನಾವು, ಅಲ್ವಾ? ನಡುನಡುವೆ ಪೇಪರ್ ಇಟ್ಟು ಒತ್ತಿ, ತೆಗೆದು, ಬೇರೆ ಪೇಪರ್ ಇಟ್ಟು, ಫ್ಯಾನ್ ಕೆಳಗೆ ನಿಲ್ಲಿಸಿದೆ. ಬೆಳಗಿನ ಜಾವ ಮೂರರವರೆಗೆ. ಒಂದು ಹಾಳೆಯಲ್ಲಿ ಇಡೀ ಜುಲೈ ಸೊನ್ನೆ. ನಡುವೆ ಒಂದು ಕಡೆ ಮಾತ್ರ ಸೊನ್ನೆಯ ಪಕ್ಕ ಸಣ್ಣ ಅಕ್ಷರದಲ್ಲಿ "ಮೋಡ ಬಂದು ಹೋಯ್ತು" ಅಂತಿತ್ತು. ಶಾಯಿ ಕಲೆಸಿ "ಹೋಯ್ತು" ಮುಕ್ಕಾಲು ಅಳಿಸಿತ್ತು.

"ನಿಮಗೆ ಇದೊಂದು ಚೆನ್ನಾಗಿ ಬರುತ್ತೆ" ಎಂದಳು. ಎರಡು ತಿಂಗಳಲ್ಲಿ ಅವಳ ಬಾಯಿಂದ ಬಂದ ಮೊದಲ ಹೊಗಳಿಕೆ. ಇದಕ್ಕೆ. ನನ್ನ ಒಂದು ಸುಳ್ಳಿನಿಂದ ನೆಂದ ಪುಸ್ತಕ ಒಣಗಿಸಿದ್ದಕ್ಕೆ.

ಮರುದಿನ ಎಷ್ಟು ಮಳೆ ಬಂತು ನೋಡೋಣ ಅಂತ ಮೊಳೆಯ ನೋಟ್‌ಬುಕ್ ತೆಗೆದೆ. 61 ಅಂತಿತ್ತು. ಬೆರಳು ಮೇಲಕ್ಕೆ ಹೋಯಿತು. ಹಿಂದಿನ ವಾರ 0, 0, 0. ನಾಲ್ಕನೇ ಸೊನ್ನೆಯ ಪಕ್ಕ ಸಣ್ಣ ಅಕ್ಷರದಲ್ಲಿ: "ಮಳೆ ಇದೆಯಂತೆ."

ಅವಳಿಗೆ ಗೊತ್ತಿತ್ತು ಗಿರಿ. ರೊಟ್ಟಿ ಮುರಿಯುವಾಗಲೇ ಗೊತ್ತಿತ್ತು. ಪುಸ್ತಕ ಒಣಗಿಸುವಾಗ ನನ್ನ ಎದುರಿಗೆ ಕೂತು ಪೇಪರ್ ಕತ್ತರಿಸಿ ಕೊಡುತ್ತಿದ್ದಾಗಲೂ ಗೊತ್ತಿತ್ತು. ಹತ್ತು ರೂಪಾಯಿ ಚಿಲ್ಲರೆ ತಪ್ಪಿದರೆ ಅಂಗಡಿಗೆ ವಾಪಸ್ ಹೋಗುವ ಹೆಂಗಸು, ಇದೊಂದು ಲೆಕ್ಕ ಯಾಕೆ ಕೇಳಲಿಲ್ಲ ಅಂತ ನನಗೆ ನಿದ್ದೆ ಬರ್ತಿಲ್ಲ.

ಮೇಸ್ತ್ರಿ ನಂಬರ್ ಅವಳ ಹತ್ತಿರಾನೂ ಇತ್ತು.

ಇಷ್ಟೆಲ್ಲ ಬರೆಯಬಾರದಿತ್ತು. ಮೇಲೆ ಶುರುವಿನಲ್ಲಿ "ಅವರು" ಅಂತ ಮರ್ಯಾದೆಯಾಗಿ ಬರೆದವನು ಎಲ್ಲೋ ನಡುವೆ ಜಾರಿದ್ದೇನೆ, ತಿದ್ದೋಕೆ ಸೋಮಾರಿತನ. ಪುಣ್ಯಕ್ಕೆ ಅವಳು ಫೇಸ್‌ಬುಕ್ಕಿನಲ್ಲಿಲ್ಲ. ಅತ್ತೆ ಇದ್ದಾರೆ. ಅತ್ತೆ, ಓದಿದ್ದರೆ ದಯವಿಟ್ಟು ಲೈಕ್ ಒತ್ತಬೇಡಿ, ಜೋರಾಗಿ ಓದಿ ಹೇಳಲೂ ಬೇಡಿ. ನೀನೂ ಕೆಳಗೆ ಬಂದು ಹಾರ್ಟ್ ಹಾಕಿ ಮಾನ ಕಳೆಯಬೇಡ.

ಇವತ್ತು ಬೆಳಗ್ಗೆ ಮೇಸ್ತ್ರಿಗೆ ನಾನೇ ಫೋನ್ ಮಾಡಿದೆ. ಮೂರು ದಿನದಿಂದ ಒಣಗಿದೆ, ಬಾರಪ್ಪ ಅಂದೆ. ಸೋಮವಾರ ಬರ್ತಾನಂತೆ. ಅವಳಿಗೆ ಹೇಳಿದೆ. "ಹೌದಾ" ಎಂದು ಸ್ಕೇಲ್ ಹಿಡಿದು ಜಾಡಿ ನೋಡೋಕೆ ಹೋದಳು. ಜಾಡಿ ಒಣಗಿತ್ತು, ನನಗೆ ಕಿಟಕಿಯಿಂದಲೇ ಕಾಣುತ್ತಿತ್ತು. ಅವಳು ಸ್ವಲ್ಪ ಜಾಸ್ತಿ ಹೊತ್ತೇ ಅಲ್ಲಿ ನಿಂತಿದ್ದಳು.

ಈಗ ಸಂಜೆ ನಾಲ್ಕು ಗಂಟೆ. ಕುಂದುವಾಡ ಕೆರೆ ಕಡೆಯಿಂದ ಕರ್ರಗೆ ಮೋಡ ಏಳುತ್ತಿದೆ. ನಾನೇನೂ ಮಾಡಿಲ್ಲ ಮಾರಾಯ. ಈ ಸಲ ನಿಜವಾದ ಮೋಡ.

ನಿನ್ನ,
ದಿವಾನ್ ಸಾಹೇಬ