ಸ್ತನದ ಎಂ.ಆರ್.ಐ. ಮಾಡಿಸುವ ಮುನ್ನ

ಚಿ. ಸೌ. ವಸುಧಾಳಿಗೆ ನಿನ್ನ ದೊಡ್ಡಮ್ಮನ ಆಶೀರ್ವಾದಗಳು.

ಮ್ಯಾಮೊಗ್ರಾಂ, ಅಂದರೆ ಸ್ತನದ ಎಕ್ಸ್-ರೇ ಚಿತ್ರ, ನೋಡಿದ ವೈದ್ಯರು ಸ್ತನದ ಎಂ.ಆರ್.ಐ. ಮಾಡಿಸಲು ಹೇಳಿದ್ದಾರೆಂದು ನಿನ್ನ ಅಮ್ಮನಿಂದ ತಿಳಿಯಿತು. ಅಷ್ಟರಿಂದಲೇ ರೋಗ ಖಚಿತವಾಯಿತೆಂದು ಭಾವಿಸಬೇಡ. ಅಂಗಾಂಶ ದಟ್ಟವಾಗಿದ್ದರೆ ಮ್ಯಾಮೊಗ್ರಾಂನಲ್ಲಿ ಅದೂ ಬೆಳ್ಳಗೆ, ಗಂಟೂ ಬೆಳ್ಳಗೆ ಕಾಣುವುದರಿಂದ ಎರಡನ್ನೂ ಬೇರ್ಪಡಿಸಿ ನೋಡುವುದು ಕಷ್ಟ. ಸ್ತನ ಕ್ಯಾನ್ಸರಿನ ಅಪಾಯವನ್ನು ಹೆಚ್ಚಿಸುವ ಬಿ.ಆರ್.ಸಿ.ಎ. ವಂಶವಾಹಿಯ ದೋಷವಿರುವವರಿಗೆ ಯಾವ ಲಕ್ಷಣವಿಲ್ಲದಿದ್ದರೂ ಈ ಪರೀಕ್ಷೆಯನ್ನು ಸೂಚಿಸುತ್ತಾರೆ. ಆದರೆ ಇದು ಮ್ಯಾಮೊಗ್ರಾಂಗೆ ಬದಲಿಯಲ್ಲ. ಕೆಲವೊಮ್ಮೆ ಕ್ಯಾನ್ಸರಿನ ಸುಳಿವಾಗಿರುವ ಕ್ಯಾಲ್ಸಿಯಂನ ಸೂಕ್ಷ್ಮ ಕಣಗಳು ಅದರಲ್ಲೇ ಚೆನ್ನಾಗಿ ಕಾಣುತ್ತವೆ.

ದಿನ ಗೊತ್ತುಮಾಡುವಾಗ ನಿನ್ನ ಮುಟ್ಟಿನ ಲೆಕ್ಕವನ್ನು ಸಂಕೋಚವಿಲ್ಲದೆ ಹೇಳು. ಹಾರ್ಮೋನುಗಳ ಏರಿಳಿತದಿಂದ ಆರೋಗ್ಯಕರ ಅಂಗಾಂಶವೂ ಚಿತ್ರದಲ್ಲಿ ಹೊಳೆಯಬಹುದಾದ್ದರಿಂದ, ಅವಸರವಿಲ್ಲದಿದ್ದರೆ ಮುಟ್ಟು ಆರಂಭವಾದ 7ನೆಯ ದಿನದಿಂದ 14ನೆಯ ದಿನದೊಳಗೆ ಮಾಡಿಸುವುದು ಒಳ್ಳೆಯದು. ಈಗಾಗಲೇ ಕ್ಯಾನ್ಸರ್ ಪತ್ತೆಯಾದವರು ಮಾತ್ರ ಇದಕ್ಕಾಗಿ ಕಾಯುತ್ತಾ ಚಿಕಿತ್ಸೆಯನ್ನು ತಡಮಾಡಬಾರದು.

ಇಲ್ಲಿ ಎಕ್ಸ್-ರೇ ವಿಕಿರಣವಿಲ್ಲ, ಇರುವುದು ಬಲವಾದ ಅಯಸ್ಕಾಂತ. ಆದ್ದರಿಂದ ಪೇಸ್‌ಮೇಕರ್, ಕಿವಿಯೊಳಗಿನ ಉಪಕರಣ, ಮಿದುಳಿನ ರಕ್ತನಾಳಕ್ಕೆ ಹಾಕಿದ ಕ್ಲಿಪ್, ಕಣ್ಣಿಗೆ ಎಂದೋ ಸಿಡಿದ ಲೋಹದ ಚೂರು, ಇವುಗಳ ಬಗ್ಗೆ ಅವರು ಕೇಳುವ ಪ್ರತಿಯೊಂದು ಪ್ರಶ್ನೆಗೂ ನೆನಪಿಸಿಕೊಂಡು ಉತ್ತರಿಸು. ಆತುರದಲ್ಲಿ ಎಲ್ಲಕ್ಕೂ ‘ಇಲ್ಲ’ ಎಂದು ಬರೆದು ಸಹಿ ಹಾಕಬೇಡ. ಮೂತ್ರಪಿಂಡದ ತೊಂದರೆ, ಹಿಂದೆ ಚುಚ್ಚುಮದ್ದಿನಿಂದಾದ ಅಲರ್ಜಿ, ಗರ್ಭಿಣಿಯಾಗಿರುವ ಸಾಧ್ಯತೆ, ಇವನ್ನೂ ಮೊದಲೇ ತಿಳಿಸಬೇಕು, ಏಕೆಂದರೆ ಗಂಟುಗಳನ್ನು ಹುಡುಕುವ ಪರೀಕ್ಷೆಯಲ್ಲಿ ತೋಳಿನ ರಕ್ತನಾಳದ ಮೂಲಕ ಗ್ಯಾಡೊಲಿನಿಯಂ ಎಂಬ ಲೋಹಾಂಶವಿರುವ ಔಷಧಿಯನ್ನು ಕೊಡುತ್ತಾರೆ; ಅದನ್ನು ಹೀರಿದ ಭಾಗ ಚಿತ್ರದಲ್ಲಿ ಹೊಳೆಯುತ್ತದೆ.

ನಿನ್ನನ್ನು ಬೋರಲಾಗಿ ಮಲಗಿಸುತ್ತಾರೆ. ಸ್ತನಗಳು ಮೇಜಿನಲ್ಲಿರುವ ಎರಡು ತೆರವುಗಳೊಳಗೆ ಇಳಿದಿರುತ್ತವೆ, ಮ್ಯಾಮೊಗ್ರಾಂನಲ್ಲಿ ಒತ್ತುವಂತೆ ಇಲ್ಲಿ ಒತ್ತುವುದಿಲ್ಲ. ಸಾಮಾನ್ಯವಾಗಿ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಹಿಡಿಯುತ್ತದೆ. ಯಂತ್ರದ ಬಡಿತದ ಸದ್ದು ಜೋರಾಗಿರುವುದರಿಂದ ಕಿವಿಗೆ ರಕ್ಷಣೆ ಕೊಡುತ್ತಾರೆ, ಕರೆಯಲು ಕೈಯಲ್ಲೊಂದು ಗುಂಡಿಯೂ ಇರುತ್ತದೆ. ಇಕ್ಕಟ್ಟಾದ ಜಾಗದ ಭಯವಿದ್ದರೆ ಅಂದು ಯಂತ್ರದ ಮುಂದೆ ನಿಂತು ಹೇಳುವುದಕ್ಕಿಂತ ಮುಂಚಿತವಾಗಿಯೇ ಹೇಳಿದರೆ ಅವರು ಏನಾದರೂ ವ್ಯವಸ್ಥೆ ಮಾಡಬಲ್ಲರು. ಅಲುಗಾಡದಿರುವುದು ಬಹಳ ಮುಖ್ಯ. ಔಷಧಿ ಕೊಡುವ ಮುಂಚಿನ ಚಿತ್ರವನ್ನೂ ಅನಂತರ ನಿಮಿಷಗಳ ಅಂತರದಲ್ಲಿ ತೆಗೆದ ಚಿತ್ರಗಳನ್ನೂ ಹೋಲಿಸಿ, ಯಾವ ಭಾಗ ಔಷಧಿಯನ್ನು ಬೇಗ ಹೀರಿತು, ಬೇಗ ಬಿಟ್ಟಿತು ಎಂದು ನೋಡುತ್ತಾರೆ. ದೇಹ ಕದಲಿದರೆ ಆ ಹೋಲಿಕೆಯೇ ಕೆಡುತ್ತದೆ.

ನಿನಗೆ ಒತ್ತಿ ಹೇಳಬೇಕಾದ ಮಾತು ವರದಿಯದು. ಗಡ್ಡೆಗಳು ತಮಗಾಗಿ ಬೆಳೆಸಿಕೊಂಡ ಹೊಸ ರಕ್ತನಾಳಗಳಿಂದ ಈ ಔಷಧಿ ಸುಲಭವಾಗಿ ಸೋರುವುದರಿಂದ ಅವು ಹೊಳೆಯುತ್ತವೆ, ನಿಜ. ಆದರೆ ನಿರುಪದ್ರವಿ ಗಂಟುಗಳೂ, ಉರಿಯೂತವೂ ಹೊಳೆಯುತ್ತವೆ. ಹೀಗಾಗಿ ಮತ್ತೆ ಅಲ್ಟ್ರಾಸೌಂಡಿಗೆ ಕರೆದರೂ, ಅಂಗಾಂಶದ ಚೂರು ತೆಗೆದು ಪರೀಕ್ಷಿಸುವ ಬಯಾಪ್ಸಿ ಬೇಕೆಂದರೂ, ಅದನ್ನೇ ಕೆಟ್ಟ ಸುದ್ದಿಯೆಂದು ತಿಳಿದು ಊಟ ನಿದ್ದೆ ಬಿಡಬೇಡ. ಅನುಮಾನ ಎಷ್ಟೆಂದು ಸೂಚಿಸಲು ವರದಿಯಲ್ಲಿ ಬರೆಯುವ ಬೈರಾಡ್ಸ್ ಎಂಬ ಅಂಕೆಯನ್ನು ನೀನೇ ಓದಿ ಅರ್ಥ ಹಚ್ಚುವ ಬದಲು, ಮುಂದೇನು ಮಾಡಬೇಕು, ಎಷ್ಟು ದಿನದೊಳಗೆ ಮಾಡಬೇಕು ಎಂದು ವೈದ್ಯರನ್ನೇ ಕೇಳು. ಹಳೆಯ ಚಿತ್ರಗಳನ್ನೂ ವರದಿಗಳನ್ನೂ ಮರೆಯದೆ ಕೊಂಡೊಯ್ಯು. ಹೊಳೆಯುವ ಕಲೆ ಹಿಂದೆಯೂ ಹಾಗೆಯೇ ಇತ್ತೆಂದು ಗೊತ್ತಾದರೆ ಎಷ್ಟೋ ಬಾರಿ ಬಯಾಪ್ಸಿಯೇ ಬೇಕಾಗುವುದಿಲ್ಲ.

ದಿನ ನಿಗದಿಯಾದ ಕೂಡಲೇ ತಿಳಿಸು, ಜೊತೆಗೆ ನಾನು ಬರುತ್ತೇನೆ.

ಇಂತಿ,
ನಿನ್ನ ದೊಡ್ಡಮ್ಮ