ಸಾಂಕ್ರಾಮಿಕ ಕಾಯಿಲೆಗಳ ತಡೆಗೆ ಕ್ರಮ ಕೋರಿ ನಿವಾಸಿಗಳ ಮನವಿ

ಗೆ,
ಆರೋಗ್ಯಾಧಿಕಾರಿಗಳು,
ನಗರ ಜಿಲ್ಲಾ ಆರೋಗ್ಯ ಕಚೇರಿ

ವಿಷಯ: ಹರಡುವ ಕಾಯಿಲೆಗಳ ಮಾಹಿತಿಯನ್ನು ವಾರ್ಡ್‌ವಾರು ಪ್ರಕಟಿಸುವುದು ಮತ್ತು ಕುಡಿಯುವ ನೀರನ್ನು ಮನೆಯ ನಲ್ಲಿಯಲ್ಲೇ ಪರೀಕ್ಷಿಸುವ ಬಗ್ಗೆ

ಮಾನ್ಯರೇ,

ಬಡಾವಣೆಯಲ್ಲಿ ಜ್ವರವೋ ವಾಂತಿ ಭೇದಿಯೋ ಜಾಸ್ತಿಯಾದಾಗ ನಿಮ್ಮ ಸಿಬ್ಬಂದಿ ಬರುತ್ತಾರೆ. ಹೊಗೆ ಹಾಕುತ್ತಾರೆ, ಚರಂಡಿ ಪಕ್ಕ ಬ್ಲೀಚಿಂಗ್ ಪೌಡರ್ ಚೆಲ್ಲುತ್ತಾರೆ. ಅಷ್ಟು ಹೊತ್ತಿಗೆ ಕಾಯಿಲೆ ನಾಲ್ಕು ಬೀದಿ ದಾಟಿರುತ್ತದೆ. ಎಲ್ಲಿ ಏನು ಹರಡುತ್ತಿದೆ ಅಂತ ಮೊದಲೇ ತಿಳಿದರೆ ಅರ್ಧ ಕೆಲಸವನ್ನು ನಾವೇ ಮಾಡಿಕೊಳ್ಳುತ್ತೇವೆ. ನಮ್ಮ ಮುಖ್ಯ ಬೇಡಿಕೆ ಅದೇ.

ಡೆಂಗಿ, ಟೈಫಾಯ್ಡ್, ಕಾಲರಾ, ದಡಾರದಂಥ ಕಾಯಿಲೆಗಳ ವರದಿ ಆಸ್ಪತ್ರೆಗಳಿಂದ ನಿಮ್ಮ ಕಚೇರಿಗೆ ಬರುತ್ತದೆ. ಅದರಲ್ಲಿ ರೋಗಿಯ ಹೆಸರು, ವಿಳಾಸ ತೆಗೆದುಹಾಕಿ, ಯಾವ ವಾರ್ಡಿನಲ್ಲಿ ಎಷ್ಟು ಪ್ರಕರಣ ಅಂತ ವಾರಕ್ಕೊಮ್ಮೆ ಬೋರ್ಡಿಗೆ ಹಾಕಿ. 1854ರಲ್ಲಿ ಲಂಡನ್ನಿನ ಸೋಹೋದಲ್ಲಿ ಕಾಲರಾ ಬಂದಾಗ ಡಾಕ್ಟರ್ ಜಾನ್ ಸ್ನೋ ಮಾಡಿದ್ದೂ ಇಂಥದ್ದೇ ಲೆಕ್ಕ. ಸಾವುಗಳು ಬ್ರಾಡ್ ಸ್ಟ್ರೀಟ್ ಪಂಪಿನ ಸುತ್ತಲೇ ಸೇರಿರುವುದನ್ನು ಅವರು ತೋರಿಸಿದರು. ಪಂಪಿನ ಹಿಡಿಯನ್ನು ಬಿಚ್ಚಿಸಲಾಯಿತು. ಆದರೆ ಆ ವೇಳೆಗಾಗಲೇ ರೋಗ ಇಳಿಮುಖವಾಗಿತ್ತು. ಲೆಕ್ಕ ತಡವಾದರೆ ಆಗುವುದೇ ಹೀಗೆ ಅಲ್ವಾ?

ಇನ್ನು ನೀರಿನ ವಿಚಾರ. ನೀರು ಬಿಟ್ಟ ಮೊದಲ ಐದು ನಿಮಿಷ ನಮ್ಮ ಕೊನೆಯ ಬೀದಿಯ ನಲ್ಲಿಗಳಲ್ಲಿ ಬರುವುದು ಕಂದು ನೀರು. ಮೂಗಿನ ಹತ್ತಿರ ಹಿಡಿದರೆ ಚರಂಡಿ ವಾಸನೆ. ಅದನ್ನು ಬಕೆಟ್ಟಿಗೆ ಹಿಡಿದು ಕಕ್ಕಸಿಗೆ ಸುರಿಯುತ್ತೇವೆ, ಆಮೇಲೆ ಬಂದದ್ದನ್ನು ಕಾಯಿಸಿ ಕುಡಿಯುತ್ತೇವೆ. ನೀರು ನಿಲ್ಲಿಸಿದಾಗ ಪೈಪಿನೊಳಗೆ ಒತ್ತಡ ಇಳಿಯುತ್ತದೆ. ಆಗ ಬಿರುಕಿನಲ್ಲಿ ಹೊರಗಿನ ಕೊಳೆ ಒಳಗೆ ಜಿನುಗುತ್ತದೆ. ಟೈಫಾಯ್ಡ್, ಕಾಮಾಲೆ, ಭೇದಿಗೆ ಇಷ್ಟು ದಾರಿ ಸಾಕು. ಟ್ಯಾಂಕಿನ ಹತ್ತಿರ ಪರೀಕ್ಷೆ ಮಾಡಿ "ನೀರು ಸರಿಯಿದೆ" ಅಂದರೆ ನಮಗೇನು ಪ್ರಯೋಜನ? ನಲ್ಲಿಗೆ ಬರುವ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಇದನ್ನು ನೋಡಲು ದೊಡ್ಡ ಲ್ಯಾಬ್ ಬೇಕಿಲ್ಲ. ನೀರಿಗೆ ಮಾತ್ರೆ ಹಾಕಿ ಬಣ್ಣ ನೋಡಿದರೆ ಅಲ್ಲೇ ಗೊತ್ತಾಗುತ್ತದೆ. ದಯವಿಟ್ಟು ಪೈಪಿನ ಕೊನೆಯ ಮನೆಯಿಂದಲೇ ಪರೀಕ್ಷೆ ಶುರು ಮಾಡಿ. ಒಡೆದ ಪೈಪನ್ನು ರಿಪೇರಿ ಮಾಡುವವರೆಗೆ ಟ್ಯಾಂಕರ್ ನೀರು ಕಳಿಸಿ.

ಹೊಗೆ ಹಾಕುವುದರ ಬಗ್ಗೆಯೂ ಒಂದು ಮಾತು. ಅದು ಹಾರಾಡುವ ಸೊಳ್ಳೆಯನ್ನು ಕೊಲ್ಲುತ್ತದೆ, ನೀರಿನಲ್ಲಿರುವ ಮರಿಯನ್ನಲ್ಲ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಹಗಲಲ್ಲೇ ಕಚ್ಚುತ್ತದೆ, ನಿಂತ ನೀರಿನಲ್ಲಿ ಬೆಳೆಯುತ್ತದೆ. ಮೊಟ್ಟೆ ಸೊಳ್ಳೆಯಾಗಲು ಸುಮಾರು 7ರಿಂದ 10 ದಿನ. ಪಾತ್ರೆಯ ಗೋಡೆಗೆ ಅಂಟಿದ ಮೊಟ್ಟೆ ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತದೆ. ಹಾಗಾಗಿ ನೀರು ಚೆಲ್ಲಿದರೆ ಮಾತ್ರ ಸಾಲದು, ಉಜ್ಜಿ ತೊಳೆಯಬೇಕು. ಡ್ರಮ್ಮು, ಕೂಲರ್, ಹೂಕುಂಡದ ತಟ್ಟೆ, ಫ್ರಿಜ್ ಹಿಂದಿನ ಟ್ರೇ, ಇವನ್ನು ವಾರಕ್ಕೊಮ್ಮೆ ತೊಳೆಯುವುದು ನಮ್ಮ ಪಾಲಿನ ಕೆಲಸ. ಆದರೆ ಬೀಗ ಹಾಕಿದ ಖಾಲಿ ಸೈಟಿಗೆ, ಅರ್ಧ ಕಟ್ಟಿ ಬಿಟ್ಟ ಕಟ್ಟಡದ ತಳಮಹಡಿಗೆ ನಾವು ಹೋಗುವ ಹಾಗಿಲ್ಲ. ಅಲ್ಲಿಗೆ ನೀವೇ ಹೋಗಬೇಕು, ಮಾಲೀಕರಿಗೆ ನೋಟಿಸ್ ಕೊಡಬೇಕು. ಸುಮ್ನೆ ರಸ್ತೆಯಲ್ಲಿ ಹೊಗೆ ಬಿಟ್ಟು ಹೋದರೆ ಫೋಟೋಗಷ್ಟೇ ಚೆಂದ.

ಲಸಿಕೆ ಶಿಬಿರವನ್ನು ಭಾನುವಾರವೂ ಇಡಿ. ದಡಾರ ಬಂದ ಒಂದು ಮಗುವಿನಿಂದ, ಲಸಿಕೆ ಆಗದ 12ರಿಂದ 18 ಜನಕ್ಕೆ ಅದು ಅಂಟಬಹುದು. ತಡೆಯಬೇಕಾದರೆ ನೂರಕ್ಕೆ 95 ಮಕ್ಕಳಿಗಾದರೂ ಎರಡೂ ಡೋಸ್ ಆಗಿರಬೇಕು. ಕೆಲಸದ ದಿನ ರಜೆ ಹಾಕಿದರೆ ಕೂಲಿ ಹೋಗುವ ತಂದೆ ತಾಯಿ ಎರಡನೇ ಡೋಸನ್ನು ಮುಂದೂಡುತ್ತಲೇ ಇರುತ್ತಾರೆ. ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆಯೂ ಸಂಜೆ ಹೊತ್ತು ಸಿಗಲಿ. ಕ್ಷಯಕ್ಕೆ ಸಾಮಾನ್ಯವಾಗಿ ಆರು ತಿಂಗಳ ಚಿಕಿತ್ಸೆ. ಮಾತ್ರೆಗಾಗಿ ಪದೇ ಪದೇ ಕೆಲಸ ಬಿಡಬೇಕಾದರೆ ಅದನ್ನು ಎಷ್ಟು ಜನ ಮುಗಿಸುತ್ತಾರೆ?

ಶಾಲೆ, ಮಾರುಕಟ್ಟೆ, ಬಸ್ ನಿಲ್ದಾಣಗಳ ಕೈತೊಳೆಯುವ ಜಾಗದಲ್ಲಿ ನೀರು ಮತ್ತು ಸೋಪು ಎರಡೂ ಇರುವಂತೆ ನೋಡಿಕೊಳ್ಳಿ. ಈಗಿರುವುದು ಪೋಸ್ಟರ್ ಮಾತ್ರ.

ಕೊನೆಯ ಬೀದಿಯ ನೀರಿನ ಪರೀಕ್ಷೆ ಈ ವಾರವೇ ಆಗಲಿ. ಉಳಿದ ಬೇಡಿಕೆಗಳಿಗೆ 15 ದಿನದೊಳಗೆ ಲಿಖಿತ ಉತ್ತರ ಕೊಡಬೇಕೆಂದು ಕೋರುತ್ತೇವೆ.

ಇತಿ ತಮ್ಮ ವಿಶ್ವಾಸಿಗಳು,
ಬಡಾವಣೆಯ ನಿವಾಸಿಗಳು
(ಸಹಿಗಳನ್ನು ಲಗತ್ತಿಸಿದೆ)