ಮಗಳಿಗೊಂದು ಪತ್ರ: ಮುಂಗಡ ಕೊಡುವ ಮುಂಚೆ

ಮೈಸೂರು

ಪ್ರೀತಿಯ ಪುಟ್ಟಿ,

ನೀನು ಕೊಳ್ಳಬೇಕೆಂದಿರುವ ಗಾಂಧಿ ಶತಮಾನೋತ್ಸವದ ಹತ್ತು ರೂಪಾಯಿ ಬೆಳ್ಳಿ ನಾಣ್ಯದ ಫೋಟೊ ನೋಡಿದೆ. "ಪ್ರೂಫ್ ಅಂತೆ ಅಮ್ಮ, ಹೊಚ್ಚ ಹೊಸದಾಗಿದೆ" ಅಂತ ಬರೆದಿದ್ದೀಯ. ಹೊಸದಾಗಿರುವುದಕ್ಕೂ ಪ್ರೂಫ್ ಆಗಿರುವುದಕ್ಕೂ ಸಂಬಂಧವಿಲ್ಲ. ಪ್ರೂಫ್ ಅನ್ನುವುದು ನಾಣ್ಯವನ್ನು ಹೊಡೆದ ರೀತಿ. ಅಚ್ಚನ್ನೂ ಇನ್ನೂ ಮುದ್ರೆ ಬೀಳದ ಲೋಹದ ಬಿಲ್ಲೆಯನ್ನೂ ಕನ್ನಡಿಯ ಹಾಗೆ ಉಜ್ಜಿ, ಒಂದಕ್ಕಿಂತ ಹೆಚ್ಚು ಸಲ ಒತ್ತಿ ತೆಗೆದದ್ದು ಪ್ರೂಫ್. ಅದು ಆಮೇಲೆ ಜೇಬಲ್ಲಿ ಸವೆದರೂ ಪ್ರೂಫೇ, ದರ್ಜೆ ಮಾತ್ರ ಇಳಿಯುತ್ತದೆ. ಚಲಾವಣೆಗೆಂದು ಹೊಡೆದದ್ದು ಬ್ಯಾಂಕಿನ ಚೀಲದಿಂದ ಈಗಷ್ಟೇ ಬಂದರೂ ಪ್ರೂಫ್ ಆಗುವುದಿಲ್ಲ.

ಈ ನಾಣ್ಯದಲ್ಲಿ ಮೊದಲು ಟಂಕಸಾಲೆಯ ಗುರುತು ಹುಡುಕು. ಮುಂಬಯಿಯಲ್ಲಿ ಚಲಾವಣೆಗೆ ಹೊಡೆದದ್ದಕ್ಕೆ ಚಿಕ್ಕ ವಜ್ರಾಕಾರ ಇರುತ್ತದೆ, ಪ್ರೂಫ್‌ಗೆ ಇಂಗ್ಲಿಷಿನ 'ಬಿ' ಅಕ್ಷರ. ಮುಂದಿನ ನಾಣ್ಯಗಳಲ್ಲಿ, 1996ರಿಂದ, ಆ 'ಬಿ' ಹೋಗಿ 'ಎಂ' ಬಂತು. ವಜ್ರ ಕಂಡರೆ ಅಲ್ಲಿಗೇ ಮಾತು ಮುಗಿಸು, ಎಷ್ಟೇ ಥಳಥಳ ಅಂದರೂ ಸರಿ. ತೂಕ 15 ಗ್ರಾಂ, ಅಗಲ 34 ಮಿಲಿಮೀಟರ್, ಬೆಳ್ಳಿ ನೂರಕ್ಕೆ 80 ಪಾಲು. 0.01 ಗ್ರಾಂ ತೋರಿಸುವ ಪುಟ್ಟ ತಕ್ಕಡಿ ಜೊತೆಗಿರಲಿ.

ಪಾಲಿಶ್ ಹಾಕಿ ಪ್ರೂಫ್ ಅಂತ ಮಾರುವವರಿದ್ದಾರೆ. ಗುರುತು ಹಿಡಿಯುವುದು ಕಷ್ಟವಲ್ಲ. ಪಾಲಿಶ್ ಯಂತ್ರಕ್ಕೆ ಖಾಲಿ ಜಾಗ ಯಾವುದು, ಉಬ್ಬಿ ನಿಂತ ಮುಖದ ಚಿತ್ರ ಯಾವುದು ಅಂತ ಗೊತ್ತಿಲ್ಲ. ಎಲ್ಲವನ್ನೂ ಒಂದೇ ಸಮ ಹೊಳೆಯಿಸಿ ಅಕ್ಷರಗಳ ಮೂಲೆ ಉರುಟು ಮಾಡಿಬಿಡುತ್ತದೆ. ನಿಜವಾದ ಪ್ರೂಫ್‌ನಲ್ಲಿ ಅಕ್ಷರಗಳ ಬದಿ ಕತ್ತರಿಸಿದಂತೆ ನೇರ, ಅಂಚು ಚೂಪು. ಅಚ್ಚಿಸಿದ ಒಂದು ಹಾಳೆಯನ್ನು ನಾಣ್ಯದ ಎದುರು ನೆಟ್ಟಗೆ ಹಿಡಿದು ನೋಡು, ಖಾಲಿ ಜಾಗದಲ್ಲಿ ಅಕ್ಷರ ಓದಲು ಬರಬೇಕು. ಮುಖದ ಮೇಲೆ ಬಿಳಿ ಮಂಜು ಕೂತಿದ್ದರೆ ಅದನ್ನು ಕ್ಯಾಮಿಯೊ ಅನ್ನುತ್ತಾರೆ, ಬೆಲೆ ಹೆಚ್ಚು. ಮಂಜು ಇಲ್ಲದಿದ್ದರೆ ಪ್ರೂಫ್ ಅಲ್ಲ ಅಂತಲ್ಲ. ಆ ಮಂಜು ಅಚ್ಚಿನ ಒರಟುತನದಿಂದ ಬರುವುದು; ಒಂದೇ ಅಚ್ಚಿನಿಂದ ಹೊಡೆಯುತ್ತ ಹೋದ ಹಾಗೆ ಅದು ಸವೆಯುತ್ತದೆ, ಕೊನೆಕೊನೆಯ ನಾಣ್ಯಗಳಲ್ಲಿ ಮಂಜು ತೆಳು.

ಇನ್ನು ದರ್ಜೆ. ಅಳತೆ 1ರಿಂದ 70. ನಾಣ್ಯಕ್ಕೆ ದರ್ಜೆ ಹಾಕುವ ಅಮೆರಿಕದ ಎರಡು ಸಂಸ್ಥೆಗಳಿವೆ: ಎನ್‌ಜಿಸಿಯವರು ಪ್ರೂಫ್‌ಗೆ 'ಪಿಎಫ್' ಅಂತ ಹಾಕುತ್ತಾರೆ, ಪಿಸಿಜಿಎಸ್‌ನವರು 'ಪಿಆರ್' ಅಂತ. 70 ಅಂದರೆ ಐದು ಪಟ್ಟು ದೊಡ್ಡದು ಮಾಡಿ ನೋಡಿದರೂ ಕುಂದು ಕಾಣಬಾರದು. 60ಕ್ಕಿಂತ ಕೆಳಗಿನದು ಕೈಯಾಡಿ ಕೆಟ್ಟ ಪ್ರೂಫ್. ನಡುವಿನ ಜಗಳವೆಲ್ಲ ಕೂದಲೆಳೆಯಂಥ ಗೀರುಗಳದ್ದೇ. ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಅವು ಕಾಣುವುದೇ ಇಲ್ಲ. ಹಳೇ ಕಾಲದ ತಂತಿ ಬಲ್ಬಿನ ಮೇಜುದೀಪ ಒಂದೇ ಉರಿಯಲಿ. ಅಂಚನ್ನು ಎರಡು ಬೆರಳಲ್ಲಿ ಹಿಡಿದು, ಕೆಳಗೆ ಮೆತ್ತನೆಯ ಬಟ್ಟೆ ಹಾಸಿ, ನಿಧಾನಕ್ಕೆ ವಾಲಿಸುತ್ತ ಒಂದು ಸುತ್ತು ತಿರುಗಿಸು. ಒಂದು ಕೋನದಲ್ಲಿ ಮಿಂಚಿ ಮಾಯವಾಗುವ ಗೆರೆ ಕಂಡರೆ ಹತ್ತು ಪಟ್ಟಿನ ಲೆನ್ಸ್ ಹಿಡಿ. ಗೆರೆ ಉಬ್ಬಿದ್ದು ಚಿತ್ರದ ಬುಡಕ್ಕೆ ಬಂದು ನಿಂತರೆ ಅದು ಅಚ್ಚನ್ನು ಉಜ್ಜಿದ ಗುರುತು, ದೋಷ ಅಲ್ಲ. ತಗ್ಗಾಗಿದ್ದು ಅಕ್ಷರವನ್ನೂ ಮುಖವನ್ನೂ ದಾಟಿ ಹೋದರೆ ಯಾರೋ ಬಟ್ಟೆಯಲ್ಲಿ ಒರೆಸಿದ್ದಾರೆ. ಸುರುಳಿ ಸುತ್ತಿದ ಸಣ್ಣ ತಗ್ಗು ಇದ್ದರೆ, ಹೊಡೆಯುವಾಗ ಅಚ್ಚಿಗೆ ಅಂಟಿದ್ದ ನೂಲಿನ ಗುರುತು. ಅದನ್ನು ಅಷ್ಟಾಗಿ ತಲೆಗೆ ಹಚ್ಚಿಕೊಳ್ಳಬೇಡ.

ಕೊಂಡ ಮೇಲೆ ಹಾಳುಮಾಡುವುದು ನಮ್ಮ ಮನೆಗಳೇ. ಬೆಳ್ಳಿ ದೀಪ ಬೆಳಗುವ ವಿಭೂತಿ, ಹುಣಸೆಹಣ್ಣು, ಹಲ್ಲುಪುಡಿ ಯಾವುದೂ ಇದರ ಹತ್ತಿರ ಬರಬಾರದು. ವರಮಹಾಲಕ್ಷ್ಮಿಯ ಕಲಶಕ್ಕೆ ಹಾಕುವುದೂ ಬೇಡ, ಅದಕ್ಕೆ ಬೇರೆ ಬಿಲ್ಲೆ ಇದೆ. ಶ್ರೀಗಂಧದ ಪೆಟ್ಟಿಗೆ, ರಬ್ಬರ್ ಬ್ಯಾಂಡ್, ನುಸಿಗುಳಿಗೆ ಇಟ್ಟ ಬೀರು, ಇವೂ ಬೇಡ. ರಬ್ಬರಿನ ಗಂಧಕ ಬೆಳ್ಳಿಯನ್ನು ಕಪ್ಪಾಗಿಸುತ್ತದೆ. ಮೆತ್ತನೆಯ ಪಿವಿಸಿ ಚೀಲದಿಂದ ಬಿಡುಗಡೆಯಾಗುವ ಆಮ್ಲ ಮಿಶ್ರಲೋಹದ ತಾಮ್ರಕ್ಕೆ ತಾಗಿ ಹಸಿರು ಜಿಗುಟು ಕಟ್ಟುತ್ತದೆ. ಅದೊಂದನ್ನು ಮಾತ್ರ ತೆಗೆಯಬಹುದು: ಶುದ್ಧ ಅಸಿಟೋನ್ (ಉಗುರುಬಣ್ಣ ಅಳಿಸುವ ದ್ರಾವಣ ಅಲ್ಲ), ಗಾಜಿನ ಬಟ್ಟಲು, ಒಂದೆರಡು ನಿಮಿಷ, ಆಮೇಲೆ ಹೊಸ ಅಸಿಟೋನ್‌ನಲ್ಲಿ ಇನ್ನೊಮ್ಮೆ ಅದ್ದಿ ಗಾಳಿಯಲ್ಲಿ ಒಣಗಲು ಬಿಡು. ಒರೆಸಬೇಡ. ಕಿಟಕಿ ತೆರೆದಿರಲಿ, ಒಲೆ ಆರಿರಲಿ. 34 ಮಿಲಿಮೀಟರಿನ ಗಟ್ಟಿ ಕ್ಯಾಪ್ಸೂಲ್, ಸ್ಟೀಲ್ ಡಬ್ಬಿ, ಒಂದು ಸಿಲಿಕಾ ಜೆಲ್ ಪೊಟ್ಟಣ ಸಾಕು. ಮಳೆಗಾಲದಲ್ಲಿ ಪೊಟ್ಟಣ ಬದಲಿಸುತ್ತಿರು.

ನಮ್ಮ ಮೈಸೂರು ವಿಶ್ವವಿದ್ಯಾಲಯದ ಶತಮಾನೋತ್ಸವದ ನೂರು ರೂಪಾಯಿ ನಾಣ್ಯವೂ ಬೇಕು ಅಂತ ನೀನು ಅಂದಿದ್ದೆ. ಆ ಬಗೆಯ ನೂರರ ನಾಣ್ಯ 35 ಗ್ರಾಂ, 44 ಮಿಲಿಮೀಟರ್. ಬೆಳ್ಳಿ ಅರ್ಧ ಮಾತ್ರ; ನೂರಕ್ಕೆ ತಾಮ್ರ 40 ಪಾಲು, ನಿಕ್ಕಲ್ 5, ಸತು 5. ತಾಮ್ರ ಅಷ್ಟಿರುವುದರಿಂದ ಕಂದು ಚುಕ್ಕೆ ಬೇಗ ಏಳುತ್ತದೆ. ಪೆಟ್ಟಿಗೆ ತೆರೆಸಿ ಎರಡೂ ಬದಿ ನೋಡದೆ ತೆಗೆದುಕೊಳ್ಳಬೇಡ.

ವಿಕ್ಟೋರಿಯಾ, ಜಾರ್ಜ್ ಕಾಲದ ಪ್ರೂಫ್ ರೂಪಾಯಿಗೆ ಸದ್ಯ ಕೈ ಹಾಕದಿರುವುದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಮುಂಬಯಿ, ಕಲ್ಕತ್ತ ಟಂಕಸಾಲೆಗಳೇ ಸಂಗ್ರಾಹಕರಿಗಾಗಿ ಹಳೆಯ ವರ್ಷಗಳ ನಾಣ್ಯಗಳನ್ನು ಮತ್ತೆ ಹೊಡೆದುಕೊಟ್ಟಿವೆ. ಅವು ಖೋಟಾ ಅಲ್ಲ, ಆದರೆ ಮೂಲದ ಬೆಲೆಯೂ ಅವಕ್ಕಿಲ್ಲ. ತುಕ್ಕು ಹಿಡಿದ ಅಚ್ಚಿನಿಂದ ಖಾಲಿ ಜಾಗದಲ್ಲಿ ಎದ್ದ ಸಣ್ಣ ಗುಳ್ಳೆಗಳು, ಒಂದು ಬಗೆಯ ಮುಂಬದಿಗೆ ಇನ್ನೊಂದು ಬಗೆಯ ಹಿಂಬದಿ, ಇಂಥವನ್ನು ಓದಲು ಕಣ್ಣು ಪಳಗಬೇಕು. ಮೇಲಾಗಿ ನೂರು ವರ್ಷ ತುಂಬಿದ ನಾಣ್ಯ 1972ರ ಕಾಯಿದೆಯ ಪ್ರಕಾರ ಪ್ರಾಚೀನ ವಸ್ತು. ಅಂಥದ್ದನ್ನು ದರ್ಜೆ ಹಾಕಿಸಲೆಂದು ಅಮೆರಿಕಕ್ಕೆ ಅಂಚೆಯಲ್ಲಿ ಕಳಿಸುವ ಹಾಗಿಲ್ಲ. ಶ್ರೀರಂಗಪಟ್ಟಣದಲ್ಲಿ ಯಾರಾದರೂ "ಟಿಪ್ಪು ಕಾಲದ ಪ್ರೂಫ್" ಅಂದರೆ ನಕ್ಕು ಮುಂದೆ ಹೋಗು. ಅವೆಲ್ಲ ಸುತ್ತಿಗೆಯಲ್ಲಿ ಹೊಡೆದವು.

ದರ್ಜೆ ಹಾಕುವ ಸಂಸ್ಥೆ ಸೀಲು ಮಾಡಿಕೊಟ್ಟ ಪ್ಲಾಸ್ಟಿಕ್ ಡಬ್ಬಿಯೊಳಗೇ ಇರುವ ನಾಣ್ಯ ತೋರಿಸಿದರೆ ಅದರ ನಂಬರನ್ನು ಆ ಸಂಸ್ಥೆಯ ತಾಣದಲ್ಲಿ ಹಾಕಿ, ಅಲ್ಲಿ ಫೋಟೊ ಇದ್ದರೆ ಕಲೆ ಕಲೆಗೂ ಹೋಲಿಸು. ಡಬ್ಬಿಯೂ ಖೋಟಾ ಬರುತ್ತದೆ. ಈಗಿನದಕ್ಕೆ ನೀನು ಕಳಿಸಿದ ಫೋಟೊದಲ್ಲಿ ಟಂಕಸಾಲೆಯ ಗುರುತೇ ಮಸುಕು. ಶನಿವಾರ ಅಂಗಡಿಗೆ ಹೋದಾಗ ಬೆಳಕು ಓರೆಯಾಗಿ ಬೀಳುವ ಹಾಗೆ ಹಿಡಿದು ಎರಡೂ ಬದಿ ಮತ್ತೆ ತೆಗೆದು ಕಳಿಸು, ತೂಕವನ್ನೂ ಬರೆ. ಅಲ್ಲಿಯವರೆಗೆ ಮುಂಗಡ ಕೊಡಬೇಡ.

ಆಶೀರ್ವಾದಗಳೊಂದಿಗೆ,
ಅಮ್ಮ